ಅಳಿದಕ್ಷರವೂ ಉಳಿದ ಪ್ರತಿಯೂ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಅಕ್ಷರವಿದ್ಯೆಯನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿರುವುದು. ಪಾಠಶಾಲೆಯಲ್ಲಿ ಕಲಿತವನು ಅಕ್ಷರವೆಂದ ಕೂಡಲೆ ವ್ಯಾಕರಣಸೂತ್ರಕ್ಕೆ ಕೈಹಾಕುವನೆಂದು ನೀವು ಭಾವಿಸುವಿರಿ; ಹಾಗೆ ಭಾವಿಸಿ ಕೆಲವರು ಈಗಾಗಲೇ ಮಂಟಪದ ಕಂಬಕ್ಕೊರಗಿ ಕುಳಿತಿರುವುದೂ ನನಗೆ ಕಾಣುತ್ತಿದೆ. ಇಂದು ನಾನು ಸೂತ್ರವನ್ನೆತ್ತಿಕೊಳ್ಳುವುದಿಲ್ಲ. ನಿಮ್ಮಲ್ಲನೇಕರ ಮನೆಗೆ ಬಂದಿರಬಹುದಾದ ಒಂದು ಅಂಗೈಯಗಲದ ವಸ್ತುವನ್ನೆತ್ತಿಕೊಳ್ಳುವೆನು. ಅದೇ ಉಡುಗೊರೆಯ ಕಾರ್ಡು. ಮಕ್ಕಳ ಬಾಯಲ್ಲಿ ಗಿಫ್ಟ್ ಕಾರ್ಡು.

ಹಿಂದೆ ಮದುವೆಗೆ ಹೋದವರು ಮುಯ್ಯಿಯೆಂದು ಹಣವನ್ನೋ ಪಾತ್ರೆಯನ್ನೋ ಬಟ್ಟೆಯನ್ನೋ ಕೊಡುತ್ತಿದ್ದರು. ಈಗ ಬೆಂಗಳೂರಿನಿಂದ ಬರುವ ನಂಟರು ಒಂದು ಲಕೋಟೆಯಲ್ಲಿ ಈ ಕಾರ್ಡನ್ನಿಟ್ಟು ಕೊಡುವ ರೂಢಿ ನಮ್ಮ ಶಿಕಾರಿಪುರ ಸೊರಬದ ಕಡೆಗೂ ಬಂದಿರುವುದು. ಕಾರ್ಡಿನ ಮೇಲೆ ಬೆಳ್ಳಿಯ ಬಣ್ಣದ ಒಂದು ಪಟ್ಟಿಯುಂಟು. ಆ ಪಟ್ಟಿಯನ್ನು ಕೆರೆದರೆ ಅಡಿಯಲ್ಲಿ ಹತ್ತುಹನ್ನೆರಡೋ ಹದಿನಾರೋ ಅಂಕೆಗಳು, ಕೆಲವುದರಲ್ಲಿ ಇಂಗ್ಲಿಷಿನ ಅಕ್ಷರಗಳೂ ಕೂಡಿ, ಕಾಣುವುವು. ಅದೇ ಗುಪ್ತಸಂಖ್ಯೆ. ಅದನ್ನು ಹೇಳಿದವನಿಗೆ ಕಾರ್ಡಿನಲ್ಲಿರುವ ಹಣದ ಸಾಮಾನು ಸಿಕ್ಕುವುದು. ಇದು ತೀರ ಹೊಸದೂ ಅಲ್ಲ. ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಬಸ್‌ನಿಲ್ದಾಣದ ಅಂಗಡಿಗಳಲ್ಲಿ ಮೊಬೈಲಿನ ರೀಚಾರ್ಜ್ ಕಾರ್ಡುಗಳು ಮಾಲೆಮಾಲೆಯಾಗಿ ತೂಗಾಡುತ್ತಿದ್ದುವಷ್ಟೆ; ಅವುಗಳನ್ನು ನಾಲ್ಕಾಣೆಯಿಂದ ಕೆರೆದು, ಬೆಳ್ಳಿಯ ಪುಡಿಯನ್ನು ಊದಿ, ಅಂಕೆಗಳನ್ನು ಒತ್ತುತ್ತಿದ್ದವರು ಈ ಸಭೆಯಲ್ಲಿ ಬಹುಮಂದಿ ಇದ್ದೀರಿ.

ಆದರೆ ಕೆರೆಯುವಾಗ ಕೈ ತಪ್ಪಿ, ಲೇಪದೊಡನೆ ಅಂಕೆಯೂ ಕಿತ್ತುಬಂದರೆ ಗತಿಯೇನು? ಇದೇ ಇಂದಿನ ವಿಚಾರ.

ಸೊರಬ ತಾಲ್ಲೂಕಿನ ಒಂದು ಹಳ್ಳಿಯ ಹುಡುಗಿ ನಮ್ಮ ಶಿಕಾರಿಪುರದಲ್ಲಿ ಓದುತ್ತಿರುವಳು. ತಂದೆಯದು ಎರಡೆಕರೆ ಜೋಳದ ಹೊಲ. ಉಳಿದ ದಿನ ಅಡಿಕೆಯ ತೋಟದ ಕೂಲಿ. ಭಾಷಣದ ಸ್ಪರ್ಧೆಯೊಂದರಲ್ಲಿ ಅವಳಿಗೆ ಬಹುಮಾನವಾಗಿ ಎರಡು ಸಾವಿರ ರೂಪಾಯಿಯ ಕಾರ್ಡು ಬಂದಿತು. ಪುಸ್ತಕಗಳನ್ನು ಕೊಳ್ಳಬೇಕೆಂಬ ಆಸೆ. ನಾಣ್ಯ ಕೈಗೆ ಸಿಕ್ಕದೆ, ರೇಖಾಗಣಿತದ ಪೆಟ್ಟಿಗೆಯಲ್ಲಿದ್ದ ಕೈವಾರದ ಮೊನೆಯಿಂದ ಪಟ್ಟಿಯನ್ನು ಕೆರೆದಳು. ಕೊನೆಯ ಮೂರು ಸ್ಥಾನಗಳು ಬಿಳಿಯ ಗೀರಾಗಿಹೋದುವು. ಇದ್ದಿರಬಹುದೆಂದು ತೋರಿದ ಅಂಕೆಗಳನ್ನೆಲ್ಲ ಒಂದಾದ ಮೇಲೊಂದು ಹಾಕಿ ನೋಡಿದಳು. ಕೆಲವು ಸಲದ ಮೇಲೆ ಆ ಯಂತ್ರವು ಇನ್ನು ಒತ್ತಬೇಡವೆಂದು ಬಾಗಿಲು ಹಾಕಿಕೊಂಡಿತು. ಅಂಗಡಿಯವರೊಬ್ಬರು “ಎಸೆದುಬಿಡು” ಎಂದರು. ತಂದೆಗೆ ಹೇಳಲು ಭಯಪಟ್ಟು, ಎಂಟು ದಿವಸ ಯಾರಿಗೂ ತಿಳಿಸದೆ ಇದ್ದು, ಕಡೆಗೆ ಶ್ರೀಮಠದ ಪುಸ್ತಕಭಂಡಾರಕ್ಕೆ ಬಂದು ನನ್ನನ್ನು ಕೇಳಿದಳು: “ಶಾಸ್ತ್ರಿಗಳೇ, ಅಕ್ಷರ ನನ್ನ ಕೈಯಿಂದ ಹೋಯಿತು, ದುಡ್ಡೂ ಹೋದ ಹಾಗೆಯೇ?”

ಆ ಪ್ರಶ್ನೆಯು ಬಹಳ ದೊಡ್ಡದು. ಓಲೆಗರಿಯನ್ನು ಓದುವವರೂ ಶಿಲಾಶಾಸನವನ್ನು ಓದುವವರೂ ತಮ್ಮ ಆಯುಷ್ಯವನ್ನು ಕಳೆಯುವುದು ಅದೇ ಪ್ರಶ್ನೆಯಲ್ಲಿ. ಅಕ್ಷರವೆಂದರೆ ಕ್ಷರವಿಲ್ಲದುದು, ನಾಶವಿಲ್ಲದುದು ಎಂದು ನಮಗೆ ಮೊದಲ ದಿವಸವೇ ಹೇಳಿಕೊಡುವರು. ಓಲೆಯ ಕಟ್ಟೊಂದನ್ನು ಬಿಚ್ಚಿದ ದಿವಸ ಆ ಮಾತಿಗೆ ಎಷ್ಟು ವ್ಯಾಖ್ಯಾನ ಬೇಕೆಂಬುದು ತಿಳಿಯುವುದು.

ಓಲೆಗರಿಯ ಮೇಲೆ ಬರೆಯುವುದು ಮಸಿಯಿಂದಲ್ಲ. ಕಬ್ಬಿಣದ ಕಂಟದ ಮೊನೆಯಿಂದ ಗರಿಯ ಮೈಯನ್ನು ಗೀರುವರು. ಗೀರಿದ ಅಕ್ಷರ ಮೊದಲು ಕಣ್ಣಿಗೆ ಕಾಣುವುದೇ ಇಲ್ಲ. ಬಳಿಕ ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿಯೋ ಸೊಪ್ಪಿನ ರಸದಲ್ಲಿಯೋ ಕಲಸಿ, ಗರಿಯ ಮೇಲೆ ತಿಕ್ಕಿ ಒರೆಸಿದರೆ, ಗೀರಿನೊಳಗೆ ಮಸಿ ನಿಂತು ಅಕ್ಷರವು ಕಪ್ಪಾಗಿ ಎದ್ದುಬರುವುದು. ಅಂದರೆ ಅಲ್ಲಿಯೂ ಉಜ್ಜಿದ ಹೊರತು ಓದಿಲ್ಲ, ಇಲ್ಲಿಯೂ ಉಜ್ಜಿದ ಹೊರತು ಓದಿಲ್ಲ. ಭೇದವೇನೆಂದರೆ, ಓಲೆಯ ಅಕ್ಷರವು ಮೈಯೊಳಗೆ ಇಳಿದುದು. ಕಾರ್ಡಿನ ಅಂಕೆಯು ಮೈಮೇಲೆ ಕುಳಿತುದು. ಕಾರ್ಡಿನಲ್ಲಿ ಮೊದಲು ಅಂಕೆಯನ್ನು ಅಚ್ಚುಮಾಡಿ, ಅದರ ಮೇಲೆ ಕಣ್ಣಿಗೆ ಕಾಣದ ತೆಳುವಾದ ವಾರ್ನಿಷನ್ನೆಳೆದು, ಅದರ ಮೇಲೆ ರಬ್ಬರಿನಂತಹ ಬೆಳ್ಳಿಬಣ್ಣದ ಲೇಪವನ್ನು ಕೊಟ್ಟಿರುವರು. ನಡುವಣ ವಾರ್ನಿಷು ಸರಿಯಾಗಿದ್ದರೆ ಲೇಪವು ಮಾತ್ರ ಪುಡಿಯಾಗಿ ಉದುರುವುದು. ಚಾಕು, ಬೀಗದಕೈ, ಕೈವಾರ ಮೊದಲಾದುವುಗಳ ಮೊನೆ ವಾರ್ನಿಷನ್ನು ದಾಟಿ ಹೋಗುವುದು. ಆಗ ಮೂರೂ ಪದರಗಳು ಕೂಡಿಯೇ ಬರುವುವು. ಬಿಸಿಲಿನಲ್ಲಿ ಬಹುದಿವಸವಿದ್ದ ಕಾರ್ಡಿನಲ್ಲಿ ಲೇಪವು ಅಂಟಿ ಗಟ್ಟಿಯಾಗುವುದುಂಟು. ನಮ್ಮ ಮಳೆಗಾಲದ ವಿಷಯವಂತೂ ಹೇಳತಕ್ಕುದಿಲ್ಲ. ಆಷಾಢದಲ್ಲಿ ಹಪ್ಪಳವೇ ಮೆತ್ತಗಾಗುವ ಸೀಮೆಯಲ್ಲಿ ಕಾಗದದ ಕಾರ್ಡು ತೇವ ಹಿಡಿದಿದ್ದರೆ ಉಗುರು ತಾಕಿದರೂ ಮೇಲ್ಮೈ ಸುಲಿದುಬರುವುದು. ಸೊರಬದ ಗುಡಿಗಾರರು ಶ್ರೀಗಂಧದ ಕೊರಡಿನ ಮೇಲೆ ಉಳಿಯನ್ನಿಡುವಾಗ ಬೆರಳಿನ ಭಾರವನ್ನು ಎಷ್ಟು ತಡೆದು ತಡೆದು ಬಿಡುವರೆಂಬುದನ್ನು ಕಂಡವರು ಬಲ್ಲರು. ಅಷ್ಟು ತಾಳ್ಮೆ ಎರಡು ಸಾವಿರ ರೂಪಾಯಿ ಕೈಗೆ ಬಂದ ಮಗುವಿಗೆ ಎಲ್ಲಿಂದ ಬರಬೇಕು?

ಇನ್ನು ಕಲ್ಲಿನ ಕಡೆಗೆ ಬರೋಣ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರನ ಗುಡಿಯ ಮುಂದೆ ಕದಂಬರ ಕಂಬವೊಂದು ನಿಂತಿರುವುದನ್ನು ನೀವು ನೋಡಿರುವಿರಿ. 5ನೆಯ ಶತಮಾನದ್ದೆಂದು ಹೇಳುವ ಆ ಸಂಸ್ಕೃತ ಕಾವ್ಯಶಾಸನವನ್ನು ರಚಿಸಿದವನು ಕುಬ್ಜನೆಂಬ ಕವಿ. ಕಲ್ಲಿನ ಮೇಲೆ ಬರೆದವನೂ ತಾನೇ ಎಂದು ಅವನು ಅಲ್ಲಿಯೇ ಹೇಳಿಕೊಂಡಿರುವನು. ಮಯೂರಶರ್ಮನು ಕಂಚಿಗೆ ಹೋದ ವೃತ್ತಾಂತವೂ ಕಾಕುಸ್ಥವರ್ಮನು ಕೆರೆಯನ್ನು ತೋಡಿಸಿದ ಸಂಗತಿಯೂ ನಮಗೆ ತಿಳಿದುದು ಆ ಕಂಬದಿಂದ. ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನವೂ ಇದೇ ತಾಲ್ಲೂಕಿನದು. ಆ ಮಠದಲ್ಲಿ ಯಾವ ಯಾವ ವ್ಯಾಕರಣಗಳ ಪಾಠ ನಡೆಯುತ್ತಿತ್ತು, ಹಸಿದವರಿಗೆ ಅನ್ನವೂ ರೋಗಿಗಳಿಗೆ ಔಷಧವೂ ಹೇಗೆ ಸಲ್ಲುತ್ತಿತ್ತು ಎಂಬುದನ್ನು ಅದು ಹೇಳುವುದು. ಇಂತಹ ಕಲ್ಲುಗಳು ಎಷ್ಟೋ ಊರುಗಳಲ್ಲಿ ಮಳೆಗೆ ನೆನೆದು, ದನ ಮೈಯುಜ್ಜಿ, ಸುಣ್ಣ ಬಳಿಸಿಕೊಂಡು, ಕುಡುಗೋಲು ಮಸೆಯುವ ಕಲ್ಲಾಗಿ ಅಕ್ಷರವನ್ನು ಕಳೆದುಕೊಂಡಿವೆ. ಭಕ್ತಿಯಿಂದ ಎಣ್ಣೆ ಹಚ್ಚಿ ತಿಕ್ಕಿದುದರಿಂದಲೂ ಅಕ್ಷರ ಸವೆದುದುಂಟು. ಕೆಡಿಸಬೇಕೆಂದು ಕೆಡಿಸಿದವರಿಗಿಂತ ಒಳ್ಳೆಯದನ್ನು ಮಾಡಹೋಗಿ ಕೆಡಿಸಿದವರೇ ಹೆಚ್ಚೆಂದು ನನ್ನ ಎಣಿಕೆ.

ಹೀಗೆ ಅಕ್ಷರ ಹೋದೆಡೆಯನ್ನು ನಮ್ಮವರು ಗ್ರಂಥಪಾತವೆನ್ನುವರು. ಅದನ್ನು ತುಂಬಿಸಲು ವಿದ್ವಾಂಸನಿಗೆ ಮೂರು ಊರೆಗೋಲುಗಳುಂಟು. ಒಂದು ಛಂದಸ್ಸು. ವೃತ್ತ ತಿಳಿದಿದ್ದರೆ ಎಷ್ಟು ಅಕ್ಷರ ಹೋಯಿತು, ಅದರಲ್ಲಿ ಗುರು ಯಾವುದು ಲಘು ಯಾವುದು ಎಂದು ಲೆಕ್ಕ ಹಾಕಿ ಹೇಳಬಹುದು. ಇನ್ನೊಂದು ಅರ್ಥ. ವ್ಯಾಕರಣಗಳ ಪಟ್ಟಿಯೊಂದರಲ್ಲಿ ‘ಪಾಣಿ’ ಎಂಬೆರಡಕ್ಷರ ಉಳಿದು ಮುಂದಿನದು ಅಳಿದಿದ್ದರೆ, ಅದು ‘ಪಾಣಿನೀಯ’ವೆಂದು ಪಾಠಶಾಲೆಯ ಬಾಲಕನೂ ಹೇಳಿಯಾನು. ಮೂರನೆಯದು ಪ್ರತ್ಯಂತರ, ಎಂದರೆ ಅದೇ ಬರಹದ ಮತ್ತೊಂದು ಪ್ರತಿ. ಈ ಮೂರನೆಯದೇ ಬಲವಾದುದು. ಬಿ. ಎಲ್. ರೈಸ್ ಮಹಾಶಯರು ನಮ್ಮ ಸೀಮೆಯ ಕಲ್ಲುಗಳನ್ನು ಓದಿಸಿ, ಶಿಕಾರಿಪುರ ತಾಲ್ಲೂಕಿನವನ್ನು ಎಪಿಗ್ರಾಫಿಯಾ ಕರ್ನಾಟಿಕಾದ 7ನೆಯ ಸಂಪುಟದಲ್ಲಿ 1902ರಲ್ಲಿಯೂ, ಸೊರಬದವನ್ನು 8ನೆಯ ಸಂಪುಟದಲ್ಲಿ 1904ರಲ್ಲಿಯೂ ಅಚ್ಚುಮಾಡಿಸಿದರು. ಅಂದಿನಿಂದೀಚೆಗೆ ಒಂದು ಕಲ್ಲು ಸವೆದಿದ್ದರೂ ಅದರ ಪಾಠವು ಪುಸ್ತಕದಲ್ಲಿ ಕುಳಿತಿರುವುದು. ಕಲ್ಲು ಒಂದು ಪ್ರತಿ, ಪುಸ್ತಕ ಒಂದು ಪ್ರತಿ. ಫ. ಗು. ಹಳಕಟ್ಟಿಯವರು ಓಲೆಯ ಕಟ್ಟುಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದಾಗಲೂ ಸಾಧಿಸಿದುದು ಇದನ್ನೇ, ಹುಳ ತಿನ್ನುತ್ತಿದ್ದ ಪ್ರತಿಗಳ ಪಕ್ಕದಲ್ಲಿ ಹುಳ ತಿನ್ನಲಾರದಷ್ಟು ಪ್ರತಿಗಳನ್ನು ನಿಲ್ಲಿಸಿದರು.

ಈಗ ಆ ಹುಡುಗಿಯ ಕಾರ್ಡನ್ನು ಈ ಮೂರು ಊರೆಗೋಲುಗಳಿಂದ ಪರೀಕ್ಷಿಸೋಣ. ಗುಪ್ತಸಂಖ್ಯೆಗೆ ಛಂದಸ್ಸಿಲ್ಲ. ಅರ್ಥವಂತೂ ಮೊದಲೇ ಇಲ್ಲ. ಅರ್ಥವಿರಬಾರದೆಂದೇ, ಯಾರೂ ಊಹಿಸಬಾರದೆಂದೇ ಅದನ್ನು ಹೊಸೆದಿರುವರು. ಪಂಡಿತನ ಪ್ರತಿಭೆಗೆ ಅಲ್ಲಿ ಕಾಸಿನ ಬೆಲೆಯಿಲ್ಲ. ಒಂದಂಕೆ ಹೋದರೆ ಅಲ್ಲಿ ಹತ್ತು ಬಗೆಯ ಸಾಧ್ಯತೆ. ಎರಡು ಹೋದರೆ 100. ಮೂರು ಹೋದರೆ 1,000. ಇಂಗ್ಲಿಷಿನ 26 ಅಕ್ಷರಗಳೂ ಅಂಕೆಗಳೊಡನೆ ಕೂಡಿರುವ ಕಾರ್ಡಾದರೆ ಒಂದು ಸ್ಥಾನಕ್ಕೆ 36, ಎರಡಕ್ಕೆ 1,296, ಮೂರಕ್ಕೆ 46,656. ಯಂತ್ರವು ಕೆಲವು ತಪ್ಪುಗಳನ್ನು ಮಾತ್ರ ಸಹಿಸಿ, ಆಮೇಲೆ ಇವನು ಕಳ್ಳನಿರಬಹುದೆಂದು ಕಾರ್ಡನ್ನೇ ತಡೆಹಿಡಿಯುವುದು. ಆದುದರಿಂದ ಊಹಾಪೋಹಕ್ಕೆ ಇಳಿಯಲೇಬಾರದು. ಪೂರ್ತಿ ಅಳಿಯದೆ ಅರ್ಧ ಉಳಿದ ಅಂಕೆಯಾದರೆ ಮಾತು ಬೇರೆ. ಅಲ್ಲಿ ಸೊನ್ನೆಯೋ ‘ಓ’ ಎಂಬ ಅಕ್ಷರವೋ, ಎಂಟೋ ‘ಬಿ’ ಎಂಬುದೋ, ಐದೋ ‘ಎಸ್’ ಎಂಬುದೋ ಎಂಬ ಎರಡು ಮೂರು ಸಂದೇಹಗಳು ಮಾತ್ರ ಬರುವುವು. ಹಳೆಯ ಓಲೆಯಲ್ಲಿ ದಕಾರವೋ ಧಕಾರವೋ ಎಂದು ನಾವು ತಲೆ ಕೆರೆದುಕೊಳ್ಳುವಂತೆಯೇ. ಆಗ ಶಾಸನ ಓದುವವರ ಉಪಾಯವನ್ನು ಮಾಡಬಹುದು. ನಡುಹಗಲಿನ ನೇರ ಬಿಸಿಲಿನಲ್ಲಿ ಸವೆದ ಕಲ್ಲು ಮೌನವಾಗಿರುವುದು. ಬೆಳಗ್ಗೆ ಸಂಜೆ ಓರೆಯ ಬೆಳಕು ಬಿದ್ದಾಗ ತಗ್ಗುದಿಣ್ಣೆಗಳ ನೆರಳಿನಿಂದ ಅಕ್ಷರ ಮಾತಾಡುವುದು. ಕಾರ್ಡನ್ನೂ ದೀಪಕ್ಕೆ ಓರೆಯಾಗಿ ಹಿಡಿದು ನೋಡಿರಿ. ಮೊಬೈಲಿನಲ್ಲಿ ಚಿತ್ರ ತೆಗೆದು ಹಿಗ್ಗಿಸಿ ನೋಡಿರಿ. ಅಲ್ಲಿಗೂ ಕಾಣದಿದ್ದರೆ ಮತ್ತಷ್ಟು ಕೆರೆಯಬೇಡಿರಿ, ನೀರು ಹಚ್ಚಬೇಡಿರಿ. ಓಲೆಗರಿಗೆ ಮಜ್ಜಿಗೆಹುಲ್ಲಿನ ಎಣ್ಣೆ ಸವರಿದರೆ ಅಕ್ಷರ ಹೊಳೆಯುವುದೆಂದು ತಿಳಿದವರು ಅದನ್ನು ಕಾರ್ಡಿಗೆ ಪ್ರಯೋಗಿಸುವುದೂ ಬೇಡ.

ಉಳಿದುದು ಪ್ರತ್ಯಂತರ. ಇದೇ ಆ ಹುಡುಗಿಗೆ ನಾನು ಕೊಟ್ಟ ಉತ್ತರ. ತಾಯೀ, ನಿನ್ನ ಕೈಯಲ್ಲಿ ಅಳಿದುದು ಒಂದು ಪ್ರತಿ ಮಾತ್ರ. ಹಣವು ಬೆಳ್ಳಿಯ ಲೇಪದ ಅಡಿಯಲ್ಲಿಲ್ಲ. ಕಾರ್ಡು ಕೊಟ್ಟವರ ಲೆಕ್ಕದಲ್ಲಿದೆ. ಗುಪ್ತಸಂಖ್ಯೆಯಾಗಲಿ ಅದರ ಗುರುತಾಗಲಿ ಅಲ್ಲಿ ಇರಲೇಬೇಕು. ಇಲ್ಲದಿದ್ದರೆ ನೀನು ಒತ್ತಿದ ಸಂಖ್ಯೆ ಸರಿಯೋ ತಪ್ಪೋ ಎಂದು ಆ ಯಂತ್ರಕ್ಕೆ ತಿಳಿಯುವುದಾದರೂ ಹೇಗೆ? ಆ ದಾಖಲೆಯನ್ನು ತೆರೆಯುವ ಕೀಲಿ ಲೇಪದ ಹೊರಗೆ, ಸಾಮಾನ್ಯವಾಗಿ ಕಾರ್ಡಿನ ಹಿಂಬದಿಯಲ್ಲಿ, ಎಲ್ಲರಿಗೂ ಕಾಣುವಂತೆ ಅಚ್ಚಾಗಿರುವ ಕ್ರಮಸಂಖ್ಯೆ. ಹಿಂದೆ ರೀಚಾರ್ಜ್ ಕಾರ್ಡಿನ ಅಂಕೆ ಅಳಿದಾಗಲೂ ಈ ಕ್ರಮಸಂಖ್ಯೆಯನ್ನು ಹೇಳಿ ಕೇಳುತ್ತಿದ್ದುದು ಅಂಗಡಿಯವರಿಗೆ ಗೊತ್ತಿದ್ದ ದಾರಿ. ಅದರೊಡನೆ ಇನ್ನೊಂದು ಸಾಕ್ಷಿ ಬೇಕು; ಅದು ಕೊಂಡ ರಶೀದಿ. ಅಂಗಡಿಯಲ್ಲಿ ತೂಗುಹಾಕಿ ಮಾರುವ ಕಾರ್ಡುಗಳಲ್ಲಿ ಬಹಳಷ್ಟಕ್ಕೆ ಹಣ ಕೊಟ್ಟು ಯಂತ್ರದಲ್ಲಿ ದಾಖಲಿಸಿದ ಮೇಲೆಯೇ ಜೀವ ಬರುವುದು. ಜೀವ ಬಂದುದಕ್ಕೆ ಆಧಾರ ಆ ರಶೀದಿಯೇ.

ಉಡುಗೊರೆಯ ಕಾರ್ಡಿನಲ್ಲಿ ಒಂದು ತೊಡಕುಂಟು. ರಶೀದಿಯು ಕೊಟ್ಟವರ ಬಳಿ, ಕಾರ್ಡು ಪಡೆದವರ ಬಳಿ. ಕೊಟ್ಟವರನ್ನು ರಶೀದಿ ಕೇಳುವುದೆಂದರೆ ನಮ್ಮ ಕಡೆಯವರಿಗೆ ಸಂಕೋಚ. ಉಡುಗೊರೆಯ ಬೆಲೆ ವಿಚಾರಿಸಿದಂತಾಗುವುದೆಂದು. ಈ ಸಂಕೋಚಕ್ಕೆ ಬಲಿಯಾಗಿ ಎಷ್ಟು ಕಾರ್ಡುಗಳು ಪೆಟ್ಟಿಗೆಯಲ್ಲಿ ಸತ್ತಿವೆಯೋ ಶಿವನೇ ಬಲ್ಲ. ಕೊಡುವವರೇ ರಶೀದಿಯ ನಕಲನ್ನು ಲಕೋಟೆಯಲ್ಲಿಟ್ಟು ಕೊಡುವುದು ಲೇಸು. ಬೆಲೆ ಕಾರ್ಡಿನ ಮೇಲೆಯೇ ಅಚ್ಚಾಗಿರುವಾಗ ಮುಚ್ಚಿಡುವುದೇನು?

ಹುಡುಗಿಯ ಬಹುಮಾನದ ರಶೀದಿಯು ಸ್ಪರ್ಧೆ ನಡೆಸಿದವರ ಕಡತದಲ್ಲಿ ಸಿಕ್ಕಿತು. ಕಾರ್ಡಿನ ಎರಡೂ ಬದಿಯ ಚಿತ್ರ, ಕ್ರಮಸಂಖ್ಯೆ, ರಶೀದಿಯ ನಕಲು, ಯಾವ ದಿವಸ ಹೇಗೆ ಅಳಿಯಿತೆಂಬ ನಾಲ್ಕು ಸಾಲು, ಇಷ್ಟನ್ನೂ ಸೇರಿಸಿ ಕಾರ್ಡು ಕೊಟ್ಟ ಸಂಸ್ಥೆಗೆ ಬರೆಸಿದೆವು. ಕೈವಾರದಿಂದ ಕೆರೆದೆನೆಂಬುದನ್ನು ಬಿಟ್ಟು ಬರೆಯೋಣವೆಂದು ಅವಳ ಗೆಳತಿಯರು ಹೇಳಿದರು. ಅದಕ್ಕೆ ನಾನೊಪ್ಪಲಿಲ್ಲ. ಗ್ರಂಥ ಶೋಧಿಸುವವನು ಅಳಿದೆಡೆಯಲ್ಲಿ ಚುಕ್ಕಿಗಳನ್ನಿಟ್ಟು ಅಳಿದಿದೆಯೆಂದು ತೋರಿಸುವನಲ್ಲದೆ ಅಳಿಯಲಿಲ್ಲವೆಂದು ನಟಿಸುವುದಿಲ್ಲ. ಮೊದಲ ಓಲೆಗೆ ಬಂದುದು ಒಕ್ಕಣೆ ಮಾತ್ರ. ಹಾಳಾದ ಕಾರ್ಡಿಗೆ ತಾವು ಹೊಣೆಯಲ್ಲವೆಂದು ಹಿಂಬದಿಯಲ್ಲಿ ಅಚ್ಚಾಗಿದೆಯಂತೆ. ಇರುವೆಯ ಕಾಲಿನಂತಹ ಆ ಅಕ್ಷರಗಳನ್ನು ಕನ್ನಡಿಯಿಟ್ಟು ಓದಿದೆ. ದಾನಶಾಸನದ ಕಡೆಯಲ್ಲಿ ಧರ್ಮವನ್ನಳಿದವನಿಗೆ ಶಾಪವಿರುವುದಷ್ಟೆ. ಅದು ಬೇಕೆಂದು ಅಳಿದವನಿಗೆ, ಕೈತಪ್ಪಿ ಕಲ್ಲು ಕೆಡವಿದವನಿಗಲ್ಲ. ಇವರ ಶಾಪದಲ್ಲಿ ಆ ವಿವೇಚನೆಯೂ ಕಾಣಲಿಲ್ಲ. ಎರಡನೆಯ ಓಲೆಯಲ್ಲಿ, ಕಾರ್ಡಿನ ಹಣ ಖರ್ಚಾಗಿದೆಯೇ ಇಲ್ಲವೇ ಎಂಬುದನ್ನು ನಿಮ್ಮ ಲೆಕ್ಕ ನೋಡಿ ತಿಳಿಸಿರೆಂದು ಅದೊಂದನ್ನೇ ಕೇಳಿದೆವು. ಖರ್ಚಾಗಿರಲಿಲ್ಲ. ಆ ಮೇಲೆ ಹೊಸ ಸಂಖ್ಯೆಯನ್ನು ಕಳುಹಿದರು.

ಕೇಳಿದರೂ ಕೊಡದವರ ವಿಷಯದಲ್ಲಿ ಕಾನೂನಿನ ಆಸರೆಯುಂಟು. ಆದರೆ ಕಾರ್ಡುಗಳಲ್ಲಿ ಎರಡು ಜಾತಿಯೆಂಬುದನ್ನು ಮೊದಲು ತಿಳಿಯಬೇಕು. ಬ್ಯಾಂಕು ಮೊದಲಾದವರು ಕೊಡುವ, ಹಲವು ಅಂಗಡಿಗಳಲ್ಲಿ ನಡೆಯುವ ಕಾರ್ಡುಗಳಿಗೆ ರಿಸರ್ವ್ ಬ್ಯಾಂಕಿನ ನಿಯಮವುಂಟು. 2021ರ ಅದರ ನಿರ್ದೇಶನದ ಪ್ರಕಾರ ಉಡುಗೊರೆಯ ಕಾರ್ಡೊಂದರಲ್ಲಿ 10,000 ರೂಪಾಯಿಗೆ ಮೀರಿ ಇರಕೂಡದು, ಮತ್ತೆ ಹಣ ತುಂಬಕೂಡದು, ಕೊಟ್ಟಂದಿನಿಂದ ಒಂದು ವರ್ಷಕ್ಕೆ ಕಡಿಮೆಯಿಲ್ಲದ ಅವಧಿಯಿರಬೇಕು. ಇಂತಹವರಿಗೆ ಬರವಣಿಗೆಯಲ್ಲಿ ದೂರಿತ್ತು, 30 ದಿವಸವಾದರೂ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನಕರವಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ಒಂದೇ ಅಂಗಡಿಯವರು ತಮ್ಮಲ್ಲಿ ಮಾತ್ರ ನಡೆಯುವಂತೆ ಕೊಡುವ ಕಾರ್ಡು ಈ ನಿಯಮದ ಹೊರಗಿನದು. ಅದಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ದಾರಿ. 1915 ಎಂಬ ಸಂಖ್ಯೆಗೆ ಫೋನುಮಾಡಬಹುದು, ಶಿವಮೊಗ್ಗದಲ್ಲಿ ಜಿಲ್ಲಾ ಗ್ರಾಹಕರ ಆಯೋಗವೂ ಇದೆ. ಐನೂರು ರೂಪಾಯಿಯ ಕಾರ್ಡಿಗೆ ಶಿವಮೊಗ್ಗಕ್ಕೆ ಬಸ್ಸು ಹತ್ತುವುದು ಉಚಿತವೋ ಅಲ್ಲವೋ ಎಂಬುದನ್ನು ಅವರವರೇ ಯೋಚಿಸಬೇಕು. ಫೋನು ಮಾಡುವುದಂತೂ ಉಚಿತವೇ.

ಇನ್ನೊಂದು ಅಪಾಯವನ್ನು ಹೇಳದೆ ಬಿಡಲಾರೆ, ಏಕೆಂದರೆ ಅಕ್ಷರ ಅಳಿಸಿಕೊಂಡವರು ಗಾಬರಿಯಲ್ಲಿ ಬೀಳುವುದು ಇದರಲ್ಲಿಯೇ. ಸಹಾಯದ ಸಂಖ್ಯೆಯನ್ನು ಮೊಬೈಲಿನಲ್ಲಿ ಹುಡುಕಿದರೆ ಮೊದಲು ಕಾಣುವುದು ಸಂಸ್ಥೆಯದೇ ಆಗಿರಬೇಕೆಂದೇನಿಲ್ಲ. ವಂಚಕರು ತಮ್ಮ ಸಂಖ್ಯೆಯನ್ನು ಅಲ್ಲಿ ನೆಟ್ಟಿರುವರು. ಬಹಳ ವಿನಯದಿಂದ ಮಾತಾಡಿ, ಉಳಿದಿರುವ ಅಂಕೆಗಳನ್ನು ಹೇಳಿರೆಂದೂ, ಬ್ಯಾಂಕಿನ ಗುಟ್ಟನ್ನು ತಿಳಿಸಿರೆಂದೂ ಕೇಳುವರು. ಕಾರ್ಡಿನ ಮೇಲೆಯೋ ರಶೀದಿಯ ಮೇಲೆಯೋ ಅಚ್ಚಾಗಿರುವ ವಿಳಾಸವನ್ನು ಬಿಟ್ಟು ಬೇರೆಲ್ಲಿಗೂ ಹೋಗಬೇಡಿರಿ. ಹಿರಿಯರ ಹೆಸರಿನಲ್ಲಿ, ಅಧಿಕಾರಿಗಳ ಹೆಸರಿನಲ್ಲಿ, “ಅವಸರವಿದೆ, ಇಷ್ಟು ಕಾರ್ಡು ಕೊಂಡು ಕೆರೆದು ಅಂಕೆ ಕಳುಹಿಸು” ಎಂದು ಸಂದೇಶ ಕಳುಹಿಸುವ ಮೋಸವೂ ಉಂಟು. ಸ್ವಾಮಿಗಳವರ ಹೆಸರಿನಲ್ಲಿ ಬಂದರೂ ನಂಬಬೇಡಿರಿ. ಶ್ರೀಮಠಕ್ಕೆ ಕಾಣಿಕೆ ಕೊಡುವವರಿಗೆ ಹುಂಡಿಯಿದೆ, ರಶೀದಿ ಪುಸ್ತಕವಿದೆ. ಮೋಸಹೋದವರು ತಡಮಾಡದೆ 1930ಕ್ಕೆ ತಿಳಿಸಬೇಕು. ಕೊಳ್ಳುವಾಗಲೇ ಬೆಳ್ಳಿಯ ಪಟ್ಟಿ ಮೇಲೆದ್ದಿದೆಯೋ, ಮತ್ತೆ ಅಂಟಿಸಿದಂತಿದೆಯೋ ಎಂದು ತಿರುಗಿಸಿ ನೋಡಿ ತೆಗೆದುಕೊಳ್ಳುವುದೂ ಆವಶ್ಯಕ. ಯಾರೋ ಮೊದಲೇ ಓದಿಕೊಂಡಿದ್ದರೆ ಅಕ್ಷರ ಉಳಿದೂ ಹಣ ಉಳಿಯದು.

ಕೆರೆಯುವ ಕ್ರಮವನ್ನು ತಾಯಂದಿರು ಕೇಳಿರುವುದರಿಂದ ಅದನ್ನೂ ಹೇಳುವೆನು. ಕಾರ್ಡು ಒಣಗಿರಲಿ. ಕೆರೆಯುವುದಕ್ಕೆ ಮೊದಲು ಹಿಂಬದಿಯ ಕ್ರಮಸಂಖ್ಯೆಯನ್ನು ಬರೆದಿಡಿರಿ. ಗಟ್ಟಿಯಾದ ಹಲಗೆಯ ಮೇಲಿಟ್ಟು, ಮೊನೆಯಿಲ್ಲದ ಪ್ಲಾಸ್ಟಿಕ್ಕಿನ ಅಂಚಿನಿಂದಲೋ ನಾಣ್ಯದ ಮಟ್ಟಸವಾದ ಅಂಚಿನಿಂದಲೋ ಒಂದು ಮೂಲೆಯಿಂದ ಮೆಲ್ಲನೆ, ಒಂದೇ ದಿಕ್ಕಿಗೆ ಸವರಿರಿ. ಮೊದಲ ಅಂಕೆ ತಲೆ ತೋರಿದ ಕೂಡಲೆ ಕೈ ಹಗುರಮಾಡಿರಿ. ಅಂಕೆ ಮಸುಕಾಗಿ ಕಂಡರೂ ಓದಲು ಬಂದರೆ ಸಾಕು. ಬೆಳ್ಳಿಯೆಲ್ಲ ಹೋಗಲೇಬೇಕೆಂಬ ಹಟ ಬೇಡ. ನಮ್ಮ ಹೆಣ್ಣುಮಕ್ಕಳಿಗೆ ಪಾತ್ರೆಯ ತಳದ ಮಸಿ ಪೂರ್ತಿ ಹೋಗುವವರೆಗೆ ತಿಕ್ಕುವ ಅಭ್ಯಾಸ. ಅದು ಇಲ್ಲಿ ಸಲ್ಲದು.

ಇಂತಹ ಕಾರ್ಡುಗಳು ಯಾರಲ್ಲಾದರೂ ಇದ್ದರೆ, ಅಳಿದಿದೆಯೆಂದು ಒಲೆಗೆ ಹಾಕದೆ, ಸೋಮವಾರ ಬಿಟ್ಟು ಉಳಿದ ದಿವಸಗಳಲ್ಲಿ ಮಧ್ಯಾಹ್ನದ ಪ್ರಸಾದದ ತರುವಾಯ ಪುಸ್ತಕಭಂಡಾರಕ್ಕೆ ತರಬಹುದು. ಅರ್ಜಿ ಬರೆದುಕೊಡಲು ಇಬ್ಬರು ವಿದ್ಯಾರ್ಥಿಗಳಿರುವರು. ರಶೀದಿಯನ್ನು ಮರೆಯದೆ ತನ್ನಿರಿ. ಇಲ್ಲದಿದ್ದರೆ ಕೊಟ್ಟ ನಂಟರ ಹೆಸರನ್ನಾದರೂ ನೆನಪುಮಾಡಿಕೊಂಡು ಬನ್ನಿರಿ.